ಪೆನ್ನಿನ ತುದಿಯಿಂದ ತಿದ್ದಿದ ಮುದ್ರೆ

ಚಿನ್ಮುದ್ರೆ ಅಂದರೆ ಈಗಲೂ ನನಗೆ ಮೈ ಉರಿಯುತ್ತದೆ. ಹೆಬ್ಬೆರಳ ತುದಿಗೆ ತೋರುಬೆರಳು ತಾಗಿಸಿ, ಉಳಿದ ಮೂರನ್ನು ನೆಟ್ಟಗೆ ಚಾಚಿ ಕೂತರೆ ಮನಸ್ಸು ತಣ್ಣಗಾಗುತ್ತದಂತೆ. ನನ್ನ ತಲೆ ಕೆಟ್ಟದ್ದೇ ಅಲ್ಲಿ.

ಅಪ್ಪ ಹೋದ ಮೇಲೆ ಅವ್ವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಅರಕಲಗೂಡು ಕಡೆಯ ಊರಿನಿಂದ ಅವಳನ್ನು ಚನ್ನರಾಯಪಟ್ಟಣದ ನನ್ನ ಬಾಡಿಗೆ ಮನೆಗೆ ಕರೆತಂದೆ. ಹಾಸನದ ಡಾಕ್ಟರು ಕೊಟ್ಟ ಮಾತ್ರೆ ನುಂಗಿದರೆ ಮಾರನೆಯ ದಿನವೆಲ್ಲ ತೂಕಡಿಸುತ್ತಿದ್ದಳು. ಪಕ್ಕದ ಮನೆಯವರು ಸಮುದಾಯ ಭವನದ ಧ್ಯಾನದ ಕ್ಲಾಸಿಗೆ ಕಳಿಸಿ ಅಂದರು. ಅವ್ವ ಒಬ್ಬಳೇ ಹೋಗಲೊಲ್ಲಳು. ಹಾಗಾಗಿ ಬೆಳಿಗ್ಗೆ ಆಫೀಸಿಗೆ ಮುಂಚೆ ನಾನೂ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ.

ಹೇಳಿಕೊಡುವವರು ಒಳ್ಳೆಯವರಂತೆಯೇ ಇದ್ದರು. ಎಲ್ಲರೂ ಕಣ್ಣು ಮುಚ್ಚಿದ ಮೇಲೆ ಸಾಲಿನ ನಡುವೆ ಓಡಾಡುತ್ತಾ ಒಬ್ಬೊಬ್ಬರ ಬೆರಳನ್ನೂ ಹಿಡಿದು ತಿದ್ದುವುದು ಅವರ ಪದ್ಧತಿ. ರಾಮನಾಥಪುರದಲ್ಲಿ ಕಂಡವರ ಹೊಗೆಸೊಪ್ಪನ್ನು ಒಣಗಿಸಲು ಕೋಲಿಗೆ ಕಟ್ಟಿ ಕಟ್ಟಿ ಅವ್ವನ ಬೆರಳು ಸೊಟ್ಟಗಾಗಿವೆ, ಹೇಳಿದ ಹಾಗೆ ನಿಲ್ಲುವುದಿಲ್ಲ. ಅವರು ಬೇಸರವಿಲ್ಲದೆ ದಿನಾ ಬಿಡಿಸಿ ಕೂರಿಸುತ್ತಿದ್ದರು. ಅವ್ವನಿಗೆ ನಿದ್ದೆ ಬರತೊಡಗಿತು. ನಾನು ಮನಸ್ಸಿನಲ್ಲೇ ಅವರಿಗೆ ಕೈ ಮುಗಿದೆ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ.

ಒಂದು ದಿನ ಅಂಗೈ ಮೇಲೆ ಅಂಗೈ ಇಡುವ ಧ್ಯಾನಮುದ್ರೆ ತೋರಿಸಿದರು. ಅವ್ವನಿಗೆ ಹಿಗ್ಗು. ನಮ್ಮನೆ ಫೋಟೊದಲ್ಲಿ ಬುದ್ಧ ಕೂತಿರುವುದೂ ಹೀಗೇ ಅಂದಳು. ಅವರು ನಗುತ್ತಲೇ ಯಾವೂರು ಅಂತ ಕೇಳಿದರು, ಆಮೇಲೆ ಯಾವ ಬೀದಿ ಅಂತ. ಅವ್ವ ಅದನ್ನೂ ಹೇಳಿದಳು. ನಮ್ಮ ಕಡೆ ಬೀದಿ ಹೇಳಿದರೆ ಜಾತಿ ಹೇಳಿದ ಹಾಗೆಯೇ.

ಮಾರನೆಯ ದಿನ ನಾನು ಕಣ್ಣು ಪೂರ್ತಿ ಮುಚ್ಚಿರಲಿಲ್ಲ. ಮುಂದಿನ ಸಾಲಿನವರ ಬೆರಳನ್ನೆಲ್ಲ ಕೈಯಲ್ಲಿ ತಿದ್ದಿ ಬಂದ ಮನುಷ್ಯ ಅವ್ವನ ಮುಂದೆ ನಿಂತು, ಜುಬ್ಬದ ಜೇಬಿನಿಂದ ಪೆನ್ನು ತೆಗೆದು, ಅದರ ತುದಿಯಿಂದ ಅವಳ ಬೆರಳನ್ನು ಮೇಲಕ್ಕೆತ್ತಿದ. ಸತ್ತ ಜಿರಲೆಯನ್ನು ಪಕ್ಕಕ್ಕೆ ತಳ್ಳುವ ಹಾಗೆ. ಇದನ್ನು ಹೇಳುವಾಗ ಇನ್ನು ಅವನಿಗೆ ಬಹುವಚನ ನನ್ನ ಬಾಯಲ್ಲಿ ಬರುವುದಿಲ್ಲ.

ಅವತ್ತೊಂದು ದಿನ ಇರಬಹುದು ಅಂದುಕೊಂಡೆ. ದಿನಾ ಅದೇ. ಕೊನೆಗೊಮ್ಮೆ ಎದ್ದು ನಿಂತು, "ಪೆನ್ನು ಜೇಬಲ್ಲಿಡಿ ಸಾರ್. ನಮ್ಮವ್ವನ ಬೆರಳನ್ನ ಕೈಯಲ್ಲಿ ಹಿಡಿದು ತಿದ್ದಿ" ಅಂದೆ. ಭವನದಲ್ಲಿದ್ದವರಿಗೆಲ್ಲ ಕೇಳಿಸಿತು. ಒಬ್ಬರೂ ಕಣ್ಣು ಬಿಡಲಿಲ್ಲ. ಅವರ ಏಕಾಗ್ರತೆಯನ್ನು ಮೆಚ್ಚಬೇಕು. ಅವನು ಮೆಲ್ಲಗೆ, ಧ್ಯಾನಕ್ಕೆ ಕೋಪ ಆಗದು, ಹೊರಗೆ ಹೋಗಿ ಸಮಾಧಾನ ಮಾಡಿಕೊಂಡು ಬನ್ನಿ ಎಂದ. ನಾನು ಅವ್ವನ ತೋಳು ಹಿಡಿದು ಎಬ್ಬಿಸಿಕೊಂಡು ಹೊರಟೆ.

ದಾರಿಯುದ್ದಕ್ಕೂ ಬೈಯುತ್ತಲೇ ಬಂದೆ. ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಅವ್ವ ಅಂದಳು:

"ಕಣ್ ಮುಚ್ಚಿದ್ರೇನು, ಕೈಗೆ ಗೊತ್ತಾಗಕಿಲ್ವಾ? ನಂಗೂ ಗೊತ್ತಿತ್ತು ಕಣ್ಲಾ. ನಿದ್ದೆ ಬತ್ತದಲ್ಲ ಅಂತ ಸುಮ್ಕಿದ್ದೆ. ಈಗ ನೀನು ಅದ್ನೂ ಕಳ್ದ್ಬುಟ್ಟೆ."

ಅವತ್ತಿನಿಂದ ಅವ್ವ ಮತ್ತೆ ಹಾಸಿಗೆಯ ಮೇಲೆ ಎದ್ದೇ ಕೂತಿರುತ್ತಾಳೆ. ನಾನೇ ಬೆರಳು ಬಿಡಿಸಿ ಕೂರಿಸೋಣ ಅಂತ ಮುಟ್ಟಲು ಹೋದರೆ, ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾಳೆ.