ಬರ್ಫಿಯಲ್ಲಿ ಸಿಕ್ಕ ಸ್ಕೂಲಿನ ಹಾಲು

ನಾನು ನಿಮ್ಮಷ್ಟೇ ಚಿಕ್ಕವಳಿದ್ದಾಗ, ವಿದ್ಯಾರಣ್ಯಪುರಂನ ನಮ್ಮ ಸ್ಕೂಲಿನಲ್ಲಿ ಬೆಳಿಗ್ಗೆ ಹಾಲು ಕೊಡುತ್ತಿದ್ದರು. ಬಡ ಮಕ್ಕಳಿಗೆಂದು ಸರ್ಕಾರದಿಂದ ಬರುತ್ತಿದ್ದ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿದ ಹಾಲು ಅದು. ಅದಕ್ಕೊಂದು ಸೀದ ವಾಸನೆ, ಅಂಗುಳಿಗೆ ಅಂಟಿಕೊಳ್ಳುವ ಸಣ್ಣ ಉಪ್ಪಿನ ರುಚಿ. ಆದರೂ ಹಸಿದ ಹೊಟ್ಟೆಗೆ ಬೆಚ್ಚಗೆ ಇಳಿಯುತ್ತಿತ್ತು. ಪುಡಿಯನ್ನು ತಮ್ಮ ಉಗ್ರಾಣದಲ್ಲಿಟ್ಟು ಹಂಚಿಸುವ ಹೊಣೆ ನಮ್ಮ ಬೀದಿಯ ಸಾಹುಕಾರರದು. ಅವರು ಆಗಾಗ ಬಂದು ನಮ್ಮ ತಲೆ ಸವರುತ್ತಿದ್ದರು. ಧರ್ಮಾತ್ಮರೆಂದು ಎಲ್ಲರೂ ಕೈ ಮುಗಿಯುತ್ತಿದ್ದರು.

ಬರಬರುತ್ತಾ ಹಾಲು ತೆಳ್ಳಗಾಯಿತು. "ಲೋಟದ ತಳ ಕಾಣ್ತಿದೆ ನೋಡೇ. ಇದು ಪಾತ್ರೆ ತೊಳೆದ ನೀರು ಕಣೇ," ಎಂದಳು ಅಕ್ಕ. ಮೇಷ್ಟ್ರನ್ನು ಕೇಳಿದರೆ, "ಮೇಲಿಂದಲೇ ಕಮ್ಮಿ ಬರ್ತಿದೆ ಕಣಮ್ಮ," ಎಂದರು.

ನಮ್ಮಪ್ಪ ಮದುವೆ ಮನೆಗಳಲ್ಲಿ ಅಡಿಗೆ ಮಾಡುತ್ತಿದ್ದರು. ಸಾಹುಕಾರರ ಮಗಳ ಮದುವೆಯ ಸಂಜೆ, ಮೈಯೆಲ್ಲ ಹೊಗೆ, ಏಲಕ್ಕಿ ವಾಸನೆ ಹೊತ್ತು ಬಂದ ಅಪ್ಪ, ಬಾಳೆಲೆಯಲ್ಲಿ ಸುತ್ತಿದ್ದ ಬರ್ಫಿ ಬಿಚ್ಚಿದರು. ಒಂದು ಚೂರು ಬಾಯಿಗಿಟ್ಟ ಅಕ್ಕ ಅಗಿಯುವುದನ್ನೇ ನಿಲ್ಲಿಸಿದಳು.

"ಅಪ್ಪಾ, ಇದು ನಮ್ ಸ್ಕೂಲಿನ ಹಾಲು."

"ಏನೇನೋ ಮಾತಾಡ್ಬೇಡ, ಸುಮ್ನೆ ತಿನ್ನಮ್ಮ."

"ಪುಡಿ ರಟ್ಟಿನ ಡ್ರಮ್ಮಲ್ಲಿತ್ತಾ? ಅದ್ರ ಮೇಲೆ, ನಮ್ ಸ್ಕೂಲಿಗೆ ಬರೋ ಡ್ರಮ್ಮಿನ ಹಂಗೆ, ಎರಡು ಕೈ ಹಿಡ್ಕೊಂಡಿರೋ ಚಿತ್ರ ಇತ್ತಾ?"

ಅಪ್ಪ ಬಾಳೆಲೆಯನ್ನು ಮತ್ತೆ ಮಡಿಚಿದರು. ಆ ಡ್ರಮ್ಮು ತೆರೆದದ್ದು ಅವರ ಕೈಯೇ.

ಮರುದಿನ ಬೆಳಿಗ್ಗೆ ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಸಾಹುಕಾರರ ಮನೆಗೆ ಹೋದರು. ಚಪ್ಪರದ ಮಾವಿನೆಲೆ ಇನ್ನೂ ಬಾಡಿರಲಿಲ್ಲ. ಸ್ಕೂಲಿನ ಪುಡಿ ಬರ್ಫಿಗೆ ಹೇಗೆ ಬಂತೆಂದು ಅಪ್ಪ ಕೇಳಿದ್ದಕ್ಕೆ ಸಾಹುಕಾರರು ನಗುತ್ತಲೇ ಹೇಳಿದರು: "ಇಟ್ರೆ ಹುಳ ಬೀಳ್ತಿತ್ತು ಕಣಯ್ಯ. ಬರ್ಫಿನ ಮಕ್ಕಳೇ ತಾನೆ ತಿಂದಿದ್ದು?"

"ಯಾರ ಮಕ್ಕಳು, ಸ್ವಾಮಿ?" ಎಂದರು ಅಪ್ಪ. ಅಕ್ಕ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು.

ಸಾಹುಕಾರರ ನಗು ಮಾಯವಾಯಿತು. "ಊಟ ಹಾಕಿದ ಮನೆಗೇ ಬಂದು ಕೇಳ್ತೀಯಾ? ಹೋಗಯ್ಯ, ಹೋಗು."

ಅಪ್ಪ ಅಲ್ಲಿಂದ ನೇರ ಸ್ಕೂಲಿನ ಗೇಟಿಗೆ ಬಂದು, ಮಕ್ಕಳನ್ನು ಬಿಡಲು ಬಂದಿದ್ದ ತಾಯಂದಿರಿಗೆ ತಾವು ಕಂಡದ್ದನ್ನು ಹೇಳಿದರು. ಕೆಲವರು ನಂಬಲಿಲ್ಲ. "ಅಂಥ ದೊಡ್ಡೋರ ಮೇಲೆ ಹಂಗೆಲ್ಲ ಹೇಳ್ಬಾರ್ದು ಕಣ್ರೀ," ಎಂದರು. ಆದರೆ ಮಾರನೆಯ ದಿನದಿಂದ ಇಬ್ಬರು ಮೂವರು ಹೆಂಗಸರು ಹಾಲು ಕಲಸುವ ಹೊತ್ತಿಗೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಒಲೆಯ ಪಕ್ಕ ನಿಲ್ಲತೊಡಗಿದರು. ಹಾಲು ತಾನಾಗಿಯೇ ಗಟ್ಟಿಯಾಯಿತು. ಮೇಲಿಂದ ಬರುವುದು ಹೆಚ್ಚಾಯಿತೇ ಎಂದು ಅಕ್ಕ ಮೇಷ್ಟ್ರನ್ನು ಕೇಳಿದಳು. ಅವರು ಬೋರ್ಡಿನ ಕಡೆ ತಿರುಗಿಕೊಂಡರು.

ಸಾಹುಕಾರರನ್ನು ಯಾರೂ ಏನೂ ಕೇಳಲಿಲ್ಲ. ಒಳ್ಳೆಯ ಹಾಲು ಕೊಡಿಸಿದ್ದಕ್ಕೆ ಸ್ಕೂಲಿನ ವಾರ್ಷಿಕೋತ್ಸವದಲ್ಲಿ ಅವರಿಗೆ ಹಾರ ಹಾಕಿದರು. ಅಪ್ಪನನ್ನು ಮಾತ್ರ ನಮ್ಮ ಬೀದಿಯವರು ಮದುವೆ ಅಡಿಗೆಗೆ ಕರೆಯುವುದನ್ನೇ ಬಿಟ್ಟರು. ಅವರು ಕೆಲಸ ಹುಡುಕಿಕೊಂಡು ಸೈಕಲ್ ತುಳಿದು ಕುಂಬಾರಕೊಪ್ಪಲಿನವರೆಗೂ ಹೋಗಬೇಕಾಯಿತು. ಅದಕ್ಕಾಗಿ ಅವರು ಒಮ್ಮೆಯೂ ಅಕ್ಕನನ್ನು ಬೈಯಲಿಲ್ಲ.

ಈಗ ನಿಮ್ಮ ಕಾಲ ಬೇರೆ, ಮಕ್ಕಳೇ. ನಿಮಗೆ ಮನೆಯಲ್ಲೇ ಬೇಕಾದಷ್ಟು ಹಾಲಿದೆ. ಕೊಡುವವರ ಸಾಲಿನಲ್ಲಿ ನೀವೇ ನಿಂತಿದ್ದೀರಿ. ಮೊನ್ನೆ ನಿಮ್ಮ ಸ್ಕೂಲಿನವರು ಉದಯಗಿರಿಯಲ್ಲಿ ಕಂಬಳಿ ಹಂಚಿದ ಫೋಟೋಗಳನ್ನು ಪುಟ್ಟಿ ಮೊಬೈಲಿನಲ್ಲಿ ತೋರಿಸಿದಳು. ಬ್ಯಾನರ್ ಇತ್ತು, ಹಾರ ಹಾಕಿಸಿಕೊಂಡವರಿದ್ದರು, ನಗುವ ನೀವಿದ್ದಿರಿ.

"ಕಂಬಳಿ ಹೊದ್ದೋರು ಎಲ್ಲಿ ಪುಟ್ಟಿ?" ಎಂದೆ.

"ಗೊತ್ತಿಲ್ಲ ಅಜ್ಜಿ, ನಾವು ಫೋಟೋ ಆದ್ಮೇಲೆ ಬಸ್ ಹತ್ತಿಬಿಟ್ವಿ," ಎಂದಳು.

ಮುಂದಿನ ಸಲ ಬಸ್ಸು ಹತ್ತಬೇಡಿ. ಅಲ್ಲೇ ಸ್ವಲ್ಪ ಹೊತ್ತು ನಿಂತು ನೋಡಿ.