ಕ್ರೇನ್ಸ್ ತಂಡದ ಕೊನೆಯ ಶುಕ್ರವಾರ

ಮಂಗಳೂರಿನಿಂದ ಬೆಳಗ್ಗೆ ಹೊರಟ ವಿಮಾನ ಕುವೈತಿನಲ್ಲಿ ಇಳಿದಾಗ ಅಲ್ಲಿಯೂ ಬೆಳಗ್ಗೆಯೇ ಆಗಿತ್ತು. ಗಡಿಯಾರವನ್ನು ಎರಡೂವರೆ ಗಂಟೆ ಹಿಂದಕ್ಕೆ ತಿರುಗಿಸಿಕೊಳ್ಳಬೇಕು. ಅಪ್ಪ ಅದನ್ನು ಒಪ್ಪಲಿಲ್ಲ. ಅವರ ಕೈಗಡಿಯಾರ ವಾಪಸು ಬರುವವರೆಗೂ ನಮ್ಮೂರು ಕಿನ್ನಿಗೋಳಿಯ ಸಮಯವನ್ನೇ ತೋರಿಸುತ್ತಿತ್ತು. ಎಪ್ಪತ್ತೈದು ದಾಟಿದ ಅವರಿಗೆ ಇದು ಮೊದಲ ವಿಮಾನ ಪ್ರಯಾಣ. ಕಿಟಕಿಯ ಸೀಟು ಕೊಡಿಸಿದ್ದೆ. ಸಮುದ್ರ ಮುಗಿದು ಮರಳು ಕಾಣಿಸಿದಾಗ, "ಇಷ್ಟು ದೊಡ್ಡ ಮೈದಾನ, ಒಂದು ಮರ ಇಲ್ಲ," ಎಂದಷ್ಟೇ ಹೇಳಿದರು.

ನಾವು ಹೋದದ್ದು ನನ್ನ ತಮ್ಮ ಹರೀಶನ ಆಟ ನೋಡಲು. ಅಪ್ಪನನ್ನು ಕೇಳಿದವರಿಗೆಲ್ಲ ಅವರು ಹೇಳಿದ್ದು ಮಾತ್ರ ಬೇರೆ: "ಸೊಸೆಯ ಹೊಸ ಮನೆ ನೋಡ್ಲಿಕ್ಕೆ." ಮನೆಯಲ್ಲಿ ನಮ್ಮದು ತುಳು. ಇಲ್ಲಿ ಮಾತುಗಳನ್ನು ಕನ್ನಡದಲ್ಲಿ ಬರೆದಿದ್ದೇನೆ.

ಫೆಬ್ರವರಿಯ ಕುವೈತಿನಲ್ಲಿ ಸ್ವೆಟರ್ ಬೇಕು. ವಿಮಾನ ನಿಲ್ದಾಣದ ಹೊರಗೆ ಗಾಳಿ ಕಿವಿಗೆ ಚುಚ್ಚುತ್ತಿತ್ತು. ಹರೀಶ ನೀಲಿ ಟೋಪಿ ಹಾಕಿಕೊಂಡು ಬಂದಿದ್ದ. ಟೋಪಿಯ ಮೇಲೆ ಬಿಳಿ ದಾರದಲ್ಲಿ ಹೊಲಿದ ಕ್ರೇನ್. ಅದು ಕೊಕ್ಕರೆಯಲ್ಲ, ಬಂದರಿನಲ್ಲಿ ಹಡಗಿನಿಂದ ಸಾಮಾನು ಎತ್ತುವ ಯಂತ್ರ. ಅವನು ಅಪ್ಪನ ಕಾಲು ಮುಟ್ಟಿದ, ಬ್ಯಾಗು ತೆಗೆದುಕೊಂಡ, ಬಿಪಿ ಮಾತ್ರೆ ತಂದಿದ್ದೀರಾ ಎಂದು ಕೇಳಿದ. ಫರ್ವಾನಿಯಾದ ಮನೆ ತಲುಪುವವರೆಗೆ ಅವರಿಬ್ಬರ ನಡುವೆ ನಡೆದದ್ದು ಅಷ್ಟೇ ಮಾತು.

ಇದಕ್ಕೆ ಕಾರಣವಿತ್ತು. ಅಪ್ಪ ಅಂಚೆ ಇಲಾಖೆಯಲ್ಲಿದ್ದವರು. ಭಾನುವಾರಗಳಲ್ಲಿ ನಮ್ಮ ಕಡೆಯ ಕ್ರಿಕೆಟ್ ಟೂರ್ನಮೆಂಟುಗಳಿಗೆ ಅಂಪೈರ್. ಹರೀಶ ಆ ಟೂರ್ನಮೆಂಟುಗಳ ವೇಗದ ಬೌಲರ್. ಅವನ ಮೊಣಕೈ ಬಾಗುತ್ತದೆ, ಅದು ಬೌಲಿಂಗ್ ಅಲ್ಲ, ಎಸೆತ ಎಂಬ ಗುಸುಗುಸು ಮೊದಲಿನಿಂದಲೂ ಇತ್ತು. ಮುಲ್ಕಿಯಲ್ಲಿ ನಡೆದ ಒಂದು ಫೈನಲ್‌ನಲ್ಲಿ ಲೆಗ್ ಅಂಪೈರ್ ಆಗಿ ನಿಂತಿದ್ದವರು ಅಪ್ಪ. ಒಂದೇ ಓವರಿನಲ್ಲಿ ಮತ್ತೆ ಮತ್ತೆ ನೋಬಾಲ್ ಕರೆದರು. ಹರೀಶ ಚೆಂಡನ್ನು ನೆಲಕ್ಕೆ ಹಾಕಿ ಮೈದಾನದಿಂದ ನಡೆದುಬಿಟ್ಟ. ಮತ್ತೆ ಅವನು ಕ್ರಿಕೆಟ್ ಚೆಂಡು ಹಿಡಿಯಲಿಲ್ಲ. ಮರುವರ್ಷ ಕುವೈತಿಗೆ ಬಂದ. ಹದಿನೇಳು ವರ್ಷ ವಾರವಾರ ಫೋನ್ ಮಾಡಿದ್ದಾನೆ, ರಜೆಯಲ್ಲಿ ಊರಿಗೆ ಬಂದುಹೋಗಿದ್ದಾನೆ, ಅಪ್ಪನ ಕಣ್ಣಿನ ಆಪರೇಷನ್ನಿಗೆ ಓಡಾಡಿದ್ದಾನೆ. ಆಟದ ಮಾತು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಮನೆಯಲ್ಲಿ ನಾದಿನಿ ವನಿತಾ ಮೀನು ಹುರಿದು ಕಾಯುತ್ತಿದ್ದಳು. ಜಹ್ರಾದ ಒಂದು ಕ್ಲಿನಿಕ್ಕಿನಲ್ಲಿ ನರ್ಸ್ ಆಗಿರುವ ಅವಳು ಅಂದು ರಜೆ ಹಾಕಿದ್ದಳು. ಇಲ್ಲಿಯ ಮೀನು ಮಾರುಕಟ್ಟೆಯಲ್ಲಿ ಝುಬೈದಿಗೆ ರಾಜಮರ್ಯಾದೆ. ತಟ್ಟೆಗೆ ಬಿದ್ದ ಮೇಲೆ ನೋಡಿದರೆ ನಮ್ಮ ಮಾಂಜಿಯೇ, ಪಾಂಫ್ರೆಟ್. ಅಪ್ಪ ಎರಡು ತುಂಡು ತಿಂದರು, ಮನೆ ಚೆನ್ನಾಗಿದೆ ಎಂದರು. ಬಂದ ಉದ್ದೇಶ ಮುಗಿಯಿತು ಎನ್ನುವಂತೆ ಮಲಗಿದರು.

ಮರುದಿನ ಗುರುವಾರ, ಹರೀಶ ನಮ್ಮನ್ನು ಶುವೈಖ್‌ಗೆ ಕರೆದುಕೊಂಡು ಹೋದ. ಬಂದರಿನ ಹಿಂದೆ ಗ್ಯಾರೇಜು, ಗೋದಾಮು, ಬಿಡಿಭಾಗದ ಅಂಗಡಿಗಳ ಸಾಲು ಮುಗಿಯುವುದೇ ಇಲ್ಲ. ರಸ್ತೆಯ ಮೇಲೆ ಆಯಿಲ್ ಕಲೆ, ಎಲ್ಲ ಕಡೆ ಟಯರ್. ಹರೀಶ ಒಂದು ಬಿಡಿಭಾಗದ ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿ ಸೇರಿದವನು. ಇಕಾಮಾದಲ್ಲಿ, ಅಂದರೆ ಇಲ್ಲಿಯ ವಾಸದ ಪರವಾನಗಿಯಲ್ಲಿ, ಇಂದಿಗೂ ಅದೇ ಹುದ್ದೆ.

ಗೋದಾಮಿನ ಹಿಂದಿನ ಅಂಗಳದಲ್ಲಿ ನಮಗೆ ಸಿಕ್ಕಿದವನು ರೊಡೆಲ್. ಫಿಲಿಪ್ಪೀನ್ಸ್‌ನ ಮೆಕ್ಯಾನಿಕ್, ಹರೀಶನ ಬೇಸ್‌ಬಾಲ್ ತಂಡದ ಕ್ಯಾಚರ್, ಅಂದರೆ ಬ್ಯಾಟುಗಾರನ ಹಿಂದೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯುವವನು. ತಂಡ ಹುಟ್ಟಿದ್ದು ಇದೇ ಅಂಗಳದಲ್ಲಿ ಎಂದ. ಮಧ್ಯಾಹ್ನದ ಬಿಡುವಿನಲ್ಲಿ ಅವನೂ ಅವನ ಊರಿನವರೂ ಚೆಂಡು ಎಸೆದಾಡುತ್ತಿದ್ದರು. ಒಂದು ದಿನ ಚೆಂಡು ಉರುಳಿ ಗೋದಾಮಿನ ಬಾಗಿಲಿಗೆ ಹೋಯಿತು. ಒಳಗಿದ್ದ ಹರೀಶ ಅದನ್ನೆತ್ತಿ ಅಲ್ಲಿಂದಲೇ ಎಸೆದ.

"ನನ್ನ ಕೈ ಉರಿದುಹೋಯ್ತು ಅಂಕಲ್," ಎಂದು ರೊಡೆಲ್ ತನ್ನ ಹರಕು ಹಿಂದಿಯಲ್ಲಿ ಅಪ್ಪನಿಗೆ ಅಂಗೈ ತೋರಿಸಿದ. "ನಾನು ಹೇಳಿದೆ, ಭಾಯಿ, ಫಿರ್ ಸೇ! ಇವನು ಹೇಳಿದ, ಮೊಣಕೈ ಬಾಗ್ತದೆ, ಪರವಾಗಿಲ್ವಾ ಅಂತ. ನಾವೆಲ್ಲ ನಕ್ಕೆವು. ಬಾಗದಿದ್ದರೆ ಎಸೆಯೋದು ಹೇಗೆ?"

ಅಪ್ಪ ನಗಲಿಲ್ಲ. ಅಂಗಳದ ಉದ್ದವನ್ನೊಮ್ಮೆ ನೋಡಿ, "ಎಷ್ಟು ಗಜ ಇದ್ದೀತು?" ಎಂದು ನನ್ನನ್ನು ಕೇಳಿದರು.

ಮುಂದಿನ ಕತೆಯನ್ನು ಗೋದಾಮಿನ ಮಾಲೀಕರೇ ಹೇಳಿದರು. ಎಲ್ಲರೂ ಅಬು ಸಾಲೆಮ್ ಎಂದು ಕರೆಯುವ ಆ ಕುವೈತಿ ವೃದ್ಧರು ಹರೀಶನ ಕಫೀಲ್, ಅಂದರೆ ವೀಸಾ ಕೊಟ್ಟ ಪ್ರಾಯೋಜಕರು. ಹರೆಯದಲ್ಲಿ ಅಮೆರಿಕದಲ್ಲಿ ಓದುವಾಗ ಬೇಸ್‌ಬಾಲ್ ಹುಚ್ಚು ಹಿಡಿಸಿಕೊಂಡವರು. ಅಂಗಳದಲ್ಲಿ ಆಡುತ್ತಿದ್ದವರನ್ನು ಮೊದಲು ಕೆಲವು ವರ್ಷ ಸುಮ್ಮನೆ ನೋಡಿದರಂತೆ. ಆಮೇಲೆ ಅಹ್ಮದಿಯಲ್ಲಿದ್ದ ಒಬ್ಬ ಕೊರಿಯಾದ ಎಂಜಿನಿಯರನ್ನು ತರಬೇತುದಾರನಾಗಿ ಕರೆತಂದರು. ಕೊಲ್ಲಿಯ ನಾಲ್ಕು ನಗರಗಳ ನಡುವೆ ಚಳಿಗಾಲದ ಪುಟ್ಟ ಲೀಗ್ ಶುರುವಾದಾಗ, ಆಟಗಾರರಿಗೆ ಸಂಬಳ ಕೊಟ್ಟು ತಂಡ ಕಟ್ಟಿದರು. ಶುವೈಖ್ ಕ್ರೇನ್ಸ್ ಎಂದು ಹೆಸರಿಟ್ಟರು. ಅಹ್ಮದಿಯ ಹೊರಗೆ ಮೈದಾನ ಬಾಡಿಗೆಗೆ ಹಿಡಿದರು.

"ಮೊದಲ ವರ್ಷ ಒಂದೂ ಗೆಲ್ಲಲಿಲ್ಲ," ಎಂದರು ಅಬು ಸಾಲೆಮ್, ಇಸ್ತಿಕಾನದಲ್ಲಿ, ಎಂದರೆ ಪುಟ್ಟ ಗಾಜಿನ ಲೋಟದಲ್ಲಿ, ನಮಗೆ ಕಪ್ಪು ಚಹಾ ಸುರಿಯುತ್ತ. "ಅಂಗಡಿಯವರೆಲ್ಲ ನನ್ನನ್ನು ಗೇಲಿ ಮಾಡಿದರು. ಎರಡನೆಯ ವರ್ಷ ಮನಾಮದವರನ್ನು ಸೋಲಿಸಿದೆವು, ಇಡೀ ಬೀದಿಗೆ ಮಚ್ಬೂಸ್ ಊಟ ಹಂಚಿದೆ. ಮೂರನೆಯ ವರ್ಷ ಫೈನಲ್. ನಾಲ್ಕನೆಯ ವರ್ಷ ಕಪ್." ಕಪಾಟಿನ ಮೇಲೆ, ಬ್ರೇಕ್ ಪ್ಯಾಡಿನ ಡಬ್ಬಿಗಳ ಪಕ್ಕದಲ್ಲಿ, ಆ ಕಪ್ ಇತ್ತು. "ದುಬೈಯವರ ಕೊನೆಯ ಮೂರು ಜನರನ್ನು ನಿಮ್ಮ ಮಗ ಒಬ್ಬನೇ ಔಟ್ ಮಾಡಿದ. ನಿಮಗೆ ಹೇಳಿರಬೇಕಲ್ಲ."

ಅಪ್ಪ ಹೌದೆನ್ನುವಂತೆ ತಲೆಯಾಡಿಸಿದರು. ಅವರಿಗೆ ಯಾರೂ ಹೇಳಿರಲಿಲ್ಲ. ಹರೀಶ ನನಗೆ ಹೇಳಿದ್ದ. ಅಪ್ಪನಿಗೆ ಹೇಳಬೇಡ ಎಂದೂ ಹೇಳಿದ್ದ.

ಈ ವರ್ಷ ದುಬೈ ಮತ್ತು ಮನಾಮದ ತಂಡಗಳು ಲೀಗ್ ಬಿಟ್ಟಿದ್ದವು. ಎರಡೇ ತಂಡಗಳ ಲೀಗನ್ನು ಮುಂದುವರಿಸುವುದು ಸಾಧ್ಯವಿರಲಿಲ್ಲ. ಶುಕ್ರವಾರ ದೋಹಾದ ತಂಡದ ಮೇಲೆ ಫೈನಲ್. ಅದು ಮುಗಿದರೆ ಲೀಗೂ ಮುಗಿಯಿತು, ತಂಡವೂ ಮುಗಿಯಿತು. "ಖಲಾಸ್," ಎಂದು ಅಬು ಸಾಲೆಮ್ ಎರಡೂ ಅಂಗೈಗಳನ್ನು ಒರೆಸಿಕೊಂಡರು. ಆಟಗಾರರಿಗೆಲ್ಲ ಅವರವರ ಹಳೆಯ ಕೆಲಸ ಇದ್ದೇ ಇದೆ ಎಂದು ಸೇರಿಸಿದರು.

ಶುಕ್ರವಾರ ಮಧ್ಯಾಹ್ನ ವನಿತಾ ನಮ್ಮನ್ನು ಅಹ್ಮದಿಗೆ ಕಾರಿನಲ್ಲಿ ಕರೆದೊಯ್ದಳು. ದಕ್ಷಿಣಕ್ಕೆ ಮುಕ್ಕಾಲು ಗಂಟೆಯ ದಾರಿ. ಅಹ್ಮದಿ ಎಣ್ಣೆ ಕಂಪನಿಯ ಊರು. ಕುವೈತಿನ ಬೇರೆಡೆ ಕಾಣದ ಮರಗಳು, ಅಂಗಳವಿರುವ ತಗ್ಗು ಮನೆಗಳು. ಅಪ್ಪನಿಗೆ ಈ ಊರು ಹಿಡಿಸಿತು. ಊರು ದಾಟಿದ ಮೇಲೆ ಮತ್ತೆ ಮರಳು, ಮರಳಿನ ನಡುವೆ ಹಸಿರು ಹೊದಿಕೆ ಹಾಸಿದ ಮೈದಾನ. ನೋಡಲು ಬಂದವರು ಕೆಲವು ನೂರು ಜನ ಇದ್ದರು. ಫಿಲಿಪ್ಪೀನ್ಸ್‌ನವರೇ ಹೆಚ್ಚು, ಅಲ್ಲಲ್ಲಿ ಮಲಯಾಳಿಗಳು, ನಮ್ಮ ಕಡೆಯ ಎರಡು ಕ್ರೈಸ್ತ ಕುಟುಂಬಗಳು. ಅವರು ಕೊಟ್ಟ ಬಿಸಿ ಸಮೋಸ ತಿನ್ನುತ್ತ ಕೂತೆವು.

ವನಿತಾ ಅಪ್ಪನಿಗೆ ಆಟ ವಿವರಿಸಿದಳು. ನಾಲ್ಕು ಮೂಲೆ, ಅವಕ್ಕೆ ಬೇಸ್ ಎಂದು ಹೆಸರು. ಮೂರನ್ನು ದಾಟಿ ಹೊರಟಲ್ಲಿಗೆ ಮರಳಿದರೆ ಒಂದು ರನ್. ಮಧ್ಯದ ದಿಬ್ಬದಿಂದ ಚೆಂಡೆಸೆಯುವವನು ಪಿಚರ್. ಅಪ್ಪ ಕೇಳಿದ ಪ್ರಶ್ನೆಗಳೆಲ್ಲ ಕ್ಯಾಚರನ ಹಿಂದೆ ನಿಂತ ಅಂಪೈರ್ ಬಗ್ಗೆ. ಅವರು ಎಲ್ಲಿ ನೋಡುತ್ತಾರೆ, ಎಷ್ಟು ಹೊತ್ತು ನಿಂತಿರಬೇಕು, ನೀರು ಕೊಡುತ್ತಾರಾ.

ಪಂದ್ಯ ಮೂರು ರನ್‌ಗೆ ಮೂರು ರನ್ ಸಮವಾಗಿ ಕೊನೆಯ ಸರದಿಗೆ ಬಂತು. ದೋಹಾದವರು ಬ್ಯಾಟ್ ಮಾಡಬೇಕು, ಆಮೇಲೆ ನಮ್ಮವರು. ಆಗ ಹರೀಶ ದಿಬ್ಬಕ್ಕೆ ಬಂದ. ನಲವತ್ತರ ಹತ್ತಿರದ ಅವನನ್ನು ಈಗ ಕೊನೆಯ ಸರದಿಗೆ ಮಾತ್ರ ಕರೆಯುತ್ತಾರೆ ಎಂದಳು ವನಿತಾ. ಅವನು ಎಡಗಾಲೆತ್ತಿ, ಮೈ ತಿರುಗಿಸಿ, ಮೊಣಕೈ ಬಾಗಿಸಿ ಎಸೆದ. ರೊಡೆಲ್‌ನ ಗವಸಿನಲ್ಲಿ ಚೆಂಡು ಬಿದ್ದ ಸದ್ದು ನಮಗೂ ಕೇಳಿಸಿತು. ನಾನು ಓರೆಗಣ್ಣಲ್ಲಿ ಅಪ್ಪನನ್ನು ನೋಡಿದೆ. ಅವರ ಬಲಗೈ ತೊಡೆಯ ಮೇಲೆ ಮುಷ್ಟಿಯಾಗಿತ್ತು.

ಇಬ್ಬರು ಔಟಾದರು. ನಡುವೆ ಒಬ್ಬ ಚೆಂಡು ಬಾರಿಸಿ ಮೂರನೆಯ ಮೂಲೆಯವರೆಗೆ ತಲುಪಿ ನಿಂತಿದ್ದ. ಇನ್ನೊಬ್ಬನನ್ನು ಔಟ್ ಮಾಡಿದರೆ ದೋಹಾದ ಸರದಿ ಮುಗಿಯುತ್ತಿತ್ತು. ಹರೀಶ ಕಾಲೆತ್ತಿದ. ಅದೇ ಗಳಿಗೆಗೆ ಮೂರನೆಯ ಮೂಲೆಯವನು ಓಡುವಂತೆ ನಟಿಸಿದ. ಹರೀಶನ ಕಣ್ಣು ಅತ್ತ ಹೋಯಿತು, ಎತ್ತಿದ ಕೈ ಗಾಳಿಯಲ್ಲಿ ಒಂದು ಕ್ಷಣ ನಿಂತಿತು. ಚೆಂಡು ಕೈಯಲ್ಲೇ ಉಳಿಯಿತು.

ಅಂಪೈರ್ ಕೈಯೆತ್ತುವ ಮೊದಲೇ ಅಪ್ಪ ಎದ್ದು ನಿಂತಿದ್ದರು. "ಅದು ತಪ್ಪಲ್ವಾ?"

"ತಪ್ಪು ಮಾವ," ಎಂದಳು ವನಿತಾ. "ಎಸೀಲಿಕ್ಕೆ ಶುರು ಮಾಡಿದ್ರೆ ಎಸೀಲೇಬೇಕು. ನಿಲ್ಲಿಸಿದ್ರೆ ಬಾಕ್ ಅಂತ ಹೇಳ್ತಾರೆ. ನೋಬಾಲಿನ ಹಾಗೆ. ಅವ್ರಿಗೆ ರನ್ ಕೊಡ್ತಾರೆ ಈಗ."

ಮೂರನೆಯ ಮೂಲೆಯವನು ನಡೆದುಕೊಂಡೇ ಬಂದು ರನ್ ಪೂರೈಸಿದ. ರೊಡೆಲ್ ಮುಖಕವಚ ಕಿತ್ತೆಸೆದು ಅಂಪೈರ್ ಎದುರು ನಿಂತ. ಕೊರಿಯಾದ ತರಬೇತುದಾರ ಓಡಿಬಂದರು. ಸಂಬಳದ ತಂಡದ ಕೊನೆಯ ಪಂದ್ಯ. ಇಡೀ ತಂಡ ಅಂಪೈರ್ ಸುತ್ತ ಸೇರಿತು, ಜನ ಕೂಗತೊಡಗಿದರು. ನಾನು ಹರೀಶನ ಕೈಯಲ್ಲಿದ್ದ ಚೆಂಡನ್ನೇ ನೋಡುತ್ತಿದ್ದೆ. ಅವನು ಅದನ್ನು ನೆಲಕ್ಕೆ ಹಾಕುತ್ತಾನೆ ಎಂದುಕೊಂಡೆ.

ಅವನು ದಿಬ್ಬ ಇಳಿದು ಗುಂಪಿನೊಳಗೆ ಹೋದ. ರೊಡೆಲ್‌ನ ಭುಜ ಹಿಡಿದು ಏನೋ ಹೇಳಿದ, ತನ್ನ ಎದೆ ಮುಟ್ಟಿಕೊಂಡ, ಕೈ ನಿಂತ ಬಗೆಯನ್ನು ಇನ್ನೊಮ್ಮೆ ಮಾಡಿ ತೋರಿಸಿದ. ತರಬೇತುದಾರ ಅವನ ಮುಖ ನೋಡಿ ಸುಮ್ಮನೆ ಹಿಂದಿರುಗಿದರು. ಗುಂಪು ಕರಗಿತು. ಹರೀಶ ಮತ್ತೆ ದಿಬ್ಬ ಹತ್ತಿ ಮುಂದಿನವನನ್ನು ಔಟ್ ಮಾಡಿದ.

ನಮ್ಮವರ ಸರದಿಯಲ್ಲಿ ಇಬ್ಬರು ಔಟಾದ ಮೇಲೆ ರೊಡೆಲ್ ಬಾರಿಸಿದ ಚೆಂಡು ಬೇಲಿಯವರೆಗೂ ಹೋಯಿತು. ದೋಹಾದವನೊಬ್ಬ ಬೇಲಿಗೆ ಬೆನ್ನು ಹಚ್ಚಿ ಹಿಡಿದ. ಒಂದು ರನ್ನಿನಿಂದ ಕ್ರೇನ್ಸ್ ಸೋತಿತು. ಅಬು ಸಾಲೆಮ್ ಎರಡೂ ತಂಡದವರ ಕೈ ಕುಲುಕಿದರು.

ಹರೀಶ ಬಟ್ಟೆ ಬದಲಿಸಿ ಕಾರಿನ ಹತ್ತಿರ ಬರುವಾಗ ಸೂರ್ಯ ಮುಳುಗುತ್ತಿದ್ದ. ಅಪ್ಪ ಕಾರಿಗೆ ಒರಗಿ ನಿಂತಿದ್ದರು.

"ಯಾಕೆ ಒಪ್ಪಿಕೊಂಡೆ?" ಎಂದರು. "ಎಲ್ರೂ ಸೇರಿ ಕೇಳಿದ್ರೆ ಅಂಪೈರ್ ಬದಲಾಯಿಸ್ತಿದ್ರೋ ಏನೋ."

"ನಿಂತದ್ದು ನನ್ನ ಕೈ ಅಲ್ವಾ ಪಪ್ಪ. ನಂಗೆ ಗೊತ್ತಿಲ್ವಾ?" ಹರೀಶ ಚೀಲವನ್ನು ಡಿಕ್ಕಿಗೆ ಹಾಕಿದ. "ಮುಲ್ಕಿಯಲ್ಲೂ ಗೊತ್ತಿತ್ತು."

"ಆವತ್ತು ನಾನು ಕರೆದದ್ದು ಸರಿಯೇ," ಎಂದರು ಅಪ್ಪ. "ಆದ್ರೆ ನೀನು ಆ ದಿನ ಊಟ ಮಾಡ್ಲಿಲ್ಲ. ನಾನು ಬಂದು ಕರೀಲಿಲ್ಲ."

"ಅಕ್ಕ ತಂದು ಕೊಟ್ಟಿದ್ಲು, ಬಿಡಿ," ಎಂದು ಹರೀಶ ನನ್ನತ್ತ ಕೈ ತೋರಿಸಿದ.

"ಅವಳು ಕೊಟ್ಟದ್ದು ಬೇರೆ," ಎಂದರು ಅಪ್ಪ. ಹರೀಶ ಬಾಗಿಲು ತೆರೆದು ಹಿಡಿದ. ಅಪ್ಪ ಎಂದಿನಂತೆ ಹಿಂದೆ ಕೂರದೆ ಅವನ ಪಕ್ಕದ ಸೀಟಿನಲ್ಲಿ ಕೂತರು.

ಶನಿವಾರ ಬೆಳಗ್ಗೆ ಮತ್ತೆ ಅಹ್ಮದಿಗೆ ಹೋದೆವು. ಮೈದಾನ ಖಾಲಿ ಮಾಡಿ ಕೊಡಬೇಕಿತ್ತು. ಬಲೆ ಬಿಚ್ಚುವ ಕೆಲಸಕ್ಕೆ ಆಟಗಾರರೇ ಬಂದಿದ್ದರು. ಅರ್ಧ ಕೆಲಸವಾದಾಗ ಎಲ್ಲರೂ ಕರಕ್ ಚಹಾ ಕುಡಿಯಲು ಕೂತರು. ಅಪ್ಪ ರೊಡೆಲ್‌ನ ಬಳಿ ಹೋಗಿ ಗವಸು ತೋರಿಸಿ, ಕೂರು ಎಂದು ಸನ್ನೆ ಮಾಡಿದರು. ಹರೀಶನಿಗೆ ದಿಬ್ಬದ ಕಡೆ ಬೆರಳು ತೋರಿಸಿದರು. ಆಮೇಲೆ ತಾವು ರೊಡೆಲ್‌ನ ಹಿಂದೆ, ಅಂಪೈರ್ ನಿಲ್ಲುವ ಜಾಗದಲ್ಲಿ, ಮೊಣಕಾಲಿನ ಮೇಲೆ ಕೈಯೂರಿ ಬಾಗಿ ನಿಂತರು. ಮುಖಕವಚ ತೊಡಿಸಲು ವನಿತಾ ಓಡಿದಳು.

ಹರೀಶ ಮೊದಲು ಮೆಲ್ಲಗೆ ಎಸೆದ. "ಹಾಗಲ್ಲ, ಸರಿಯಾಗಿ ಎಸೆ," ಎಂದು ಗದರಿದರು. ಅವನು ಸರಿಯಾಗಿ ಎಸೆದ. ಅಪ್ಪ ಬಲಗೈ ಎತ್ತಿದರು. ಮೊಣಕಾಲಿನಿಂದ ಎದೆಯವರೆಗಿನ ಎತ್ತರದಲ್ಲಿ ಬಂದ ಒಳ್ಳೆಯ ಎಸೆತ ಎಂದರ್ಥ. ಇನ್ನೊಂದು, ಮತ್ತೊಂದು. ಕೊನೆಯದಕ್ಕೆ ಕೈ ಎತ್ತಲಿಲ್ಲ.

"ಪಪ್ಪ! ಅದು ಸೊಂಟದಷ್ಟೇ ಎತ್ತರ!"

"ಎದೆಗಿಂತ ಮೇಲೆ."

"ರೊಡೆಲ್, ನೀನು ಹೇಳು ಮಾರಾಯ!"

ರೊಡೆಲ್ ಅಪ್ಪನನ್ನು ನೋಡಿ, ಹರೀಶನನ್ನು ನೋಡಿ, "ಮುಝೆ ನಹೀ ಮಾಲೂಮ್ ಭಾಯಿ," ಎಂದು ಚಹಾ ಕುಡಿಯಲು ಎದ್ದುಹೋದ. ವಾದ ಮುಗಿಯಲಿಲ್ಲ. ಬಲೆ ಸುತ್ತುವಾಗ ನಡೆಯಿತು, ಕಾರಿನಲ್ಲಿ ನಡೆಯಿತು, ಊಟಕ್ಕೆ ಕೂತಾಗ ವನಿತಾ ಇಬ್ಬರನ್ನೂ ಬೈದಳು.

ಭಾನುವಾರ ಸಂಜೆಯ ವಿಮಾನ. ಹರೀಶ ಮರುದಿನದಿಂದ ಗೋದಾಮಿನ ಕೆಲಸಕ್ಕೆ ಹಾಜರಾಗಬೇಕು. ಅದರ ಬಗ್ಗೆ ಬೇಸರವಿದೆಯೇ ಎಂದು ಕೇಳಿದೆ. "ಇಲ್ಲಾಂತ ಹೇಗೆ ಹೇಳುದು ಅಕ್ಕ," ಎಂದ. "ಆದ್ರೆ ಅಂಗಳ ಉಂಟಲ್ಲ. ರೊಡೆಲ್ ಉಂಟು."

ನಿಲ್ದಾಣದಲ್ಲಿ ಅವನೂ ವನಿತಾಳೂ ಗಾಜಿನ ಆಚೆ ನಿಂತರು. ತಪಾಸಣೆಯ ಸಾಲಿನಲ್ಲಿ ಬೆಲ್ಟ್ ಬಿಚ್ಚಿ ತಟ್ಟೆಗೆ ಹಾಕಿದ ಅಪ್ಪ ಒಮ್ಮೆ ಹಿಂದಿರುಗಿ ನೋಡಿದರು. ಕೈ ಬೀಸುತ್ತಾರೆ ಎಂದುಕೊಂಡೆ. ಅವರು ಅಂಗೈಯನ್ನು ಅಡ್ಡಲಾಗಿ ಕತ್ತಿನ ಹತ್ತಿರ ಹಿಡಿದು ತೋರಿಸಿದರು: ಇಷ್ಟು ಎತ್ತರ. ಗಾಜಿನ ಆಚೆ ಹರೀಶ ಇಲ್ಲವೆಂದು ಜೋರಾಗಿ ತಲೆಯಾಡಿಸುತ್ತ ತನ್ನ ಅಂಗೈಯನ್ನು ಸೊಂಟಕ್ಕೆ ಹಿಡಿದ. ಸಾಲು ಮುಂದೆ ಸರಿಯಿತು. ಅಪ್ಪ ಕೈ ಇಳಿಸಲಿಲ್ಲ.