ಅತ್ತೆಯ ಮೊಳ

ಬೆಟಗೇರಿಯ ಅತ್ತೆಯ ಮನೆಯಲ್ಲಿ ಅಂದು ನಾವು ಮೂವರಿದ್ದೆವು: ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟ ಅತ್ತೆ, ಕ್ವಾಂಟಮ್ ಕ್ಷೇತ್ರ ಸಿದ್ಧಾಂತದ ಬಗ್ಗೆ ನಾನು ಬರೆದ ಪುಸ್ತಕವನ್ನು ತಿದ್ದಲು ಬಂದ ಗುರುಗಳು, ಮತ್ತು ನಾನು. ಅತ್ತೆ ಸೀರೆಯನ್ನು ಮೊಳದಲ್ಲೇ ಅಳೆಯುತ್ತಿದ್ದಳು. ಮಗಳ ಮೊಳ ಗಿಡ್ಡ. ಮಗ್ಗ ಮಗಳ ಕೈಗೆ ಹೋಗುವಾಗ ಇಬ್ಬರೂ ಮೊಳಕೈ ಜೋಡಿಸಿ, ಎಷ್ಟು ಬೆರಳು ವ್ಯತ್ಯಾಸವೆಂದು ನೋಡಿಕೊಳ್ಳುತ್ತಿದ್ದರು. ಗೇಜ್ ಸಮಮಿತಿಯ ಅಧ್ಯಾಯವನ್ನು ನಾನು ಅಲ್ಲಿಂದಲೇ ಶುರು ಮಾಡಿದ್ದೆ: ಜಾಗಜಾಗಕ್ಕೂ ಅಳತೆ ಬೇರೆ ಇರಲಿ, ಆ ವ್ಯತ್ಯಾಸವನ್ನು ಹೊತ್ತೊಯ್ಯುವ ಕ್ಷೇತ್ರವೊಂದಿದ್ದರೆ ನಿಸರ್ಗದ ನಿಯಮ ಕೆಡುವುದಿಲ್ಲ, ಬೆಳಕು ಅಂಥ ಕ್ಷೇತ್ರದ್ದೇ ಅಲೆ.

“ಮಗ್ಗದಾಗ ಫಿಜಿಕ್ಸ್ ಹುಡಕ್ತೀಯೇನಲೇ? ಮಂದಿ ನಗತಾರ, ತೆಗಿ ಇದನ್ನ,” ಎಂದರು ಗುರುಗಳು.

“ನಗಲಿ ಬಿಡ್ರಿ ಸರ,” ಎಂದಳು ಅತ್ತೆ. “ನನ್ನ ಮೊಳ ಬ್ಯಾರೆ, ಮಗಳ ಮೊಳ ಬ್ಯಾರೆ. ಉಟ್ಟಾಕಿಗೆ ಸೀರಿ ಎಂದಾರ ಕಡಿಮಿ ಬಿದ್ದೈತೇನ್ರಿ?”

ಗುರುಗಳು ಅವಳು ಕೊಟ್ಟ ಚಹಾ ಕುಡಿದು ನಕ್ಕರು. ಅವರ ಮುನ್ನುಡಿ ಇಲ್ಲದಿದ್ದರೆ ಪ್ರಕಾಶಕರು ನನ್ನ ಪುಸ್ತಕವನ್ನು ಮುಟ್ಟುತ್ತಿರಲಿಲ್ಲ. ಅತ್ತೆಯ ಎದುರೇ ಆ ಪುಟಗಳನ್ನು ಹರಿದೆ. ಅವಳು ಮತ್ತೆ ಲಾಳಿ ಎಸೆಯತೊಡಗಿದಳು.

ಮರುವರ್ಷ ಗದಗಿನ ಕಾಲೇಜೊಂದರಲ್ಲಿ ಗುರುಗಳು ಇಂಗ್ಲಿಷಿನಲ್ಲಿ ಉಪನ್ಯಾಸ ಕೊಟ್ಟರು. ಬೆಟಗೇರಿಯ ತಾಯಿ-ಮಗಳ ಮೊಳದಿಂದಲೇ ಮಾತು ಶುರುವಾಯಿತು. ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ನಾನೂ ತಟ್ಟಿದೆ.